ಇಮ್ಯುನಿಟಿ ಹೆಚ್ಚಾಯಿತು, ಕಣ್ಣು ಹೋಯಿತು

ಬೆಂಗಳೂರಿನ ಹನುಮಂತನಗರದಲ್ಲಿ ಬೆಳಗ್ಗೆ ರಾಮಾಂಜನೇಯ ಗುಡ್ಡ ಹತ್ತಿ ಇಳಿದವರಿಗೆ ಎರಡು ಪ್ರಸಾದ. ಮೇಲೆ ತೀರ್ಥ, ಕೆಳಗೆ ಇಮ್ಯುನಿಟಿ ಜ್ಯೂಸು. ತೀರ್ಥ ಪುಕ್ಕಟೆ, ಅದಕ್ಕೇ ಇರಬೇಕು, ನಂಬಿಕೆ ಜ್ಯೂಸಿನ ಮೇಲೆಯೇ ಜಾಸ್ತಿ. ಅಮೃತಬಳ್ಳಿ, ಹಾಗಲಕಾಯಿ, ಬೂದುಗುಂಬಳ, ಏನನ್ನು ಅರೆದರೂ ಇಮ್ಯುನಿಟಿ ಏರುತ್ತದೆ. ಏರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವನು ಅಧಿಕಪ್ರಸಂಗಿ.

ಆದರೂ ಕೇಳೋಣ, ಕಣ್ಣಿನಿಂದಲೇ ಶುರುಮಾಡಿ. ಕಣ್ಣಿನ ಹಿಂಭಾಗದ ರೆಟಿನಾದಲ್ಲಿ ಮೈಕ್ರೋಗ್ಲಿಯಾ ಎಂಬ ರೋಗನಿರೋಧಕ ಕೋಶಗಳಿವೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಇದ್ದಹಾಗೆ: ಗಲಾಟೆಯಿಲ್ಲದಿದ್ದರೆ ಕಣ್ಣಾಡಿಸಿಕೊಂಡು ಕೂತಿರುತ್ತವೆ, ಕಸ ಬಿದ್ದರೆ ಎತ್ತುತ್ತವೆ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ, ಅಂದರೆ ಇರುಳುಗುರುಡಿನಿಂದ ಶುರುವಾಗುವ ವಂಶವಾಹಿ ಕಾಯಿಲೆಯಲ್ಲಿ, ಮಂದ ಬೆಳಕಿನಲ್ಲಿ ನೋಡಲು ಬೇಕಾದ ರಾಡ್ ಕೋಶ ಬಳಲಿದಾಗ ಒಳಪೊರೆಯ ಫಾಸ್ಫಟಿಡೈಲ್‌ಸೆರೀನನ್ನು ಹೊರಮೈಗೆ ತರುತ್ತದೆ. ಮೈಕ್ರೋಗ್ಲಿಯಾಕ್ಕೆ ಅದು ‘ನನ್ನನ್ನು ತಿನ್ನು’ ಎಂಬ ಸಂಕೇತ. ಇನ್ನೂ ಜೀವ ಇದೆಯೇ ಎಂದು ಮೂಗಿಗೆ ಬೆರಳಿಟ್ಟು ನೋಡುವ ವ್ಯವಧಾನ ಅದಕ್ಕಿಲ್ಲ. ಬದುಕಿರುವ ರಾಡ್‌ಗಳನ್ನೇ ಅದು ನುಂಗುವುದನ್ನು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ಸಂಶೋಧಕರು 2015ರಲ್ಲಿ ಇಲಿಗಳಲ್ಲಿ ತೋರಿಸಿದರು. ಸಾಲದ್ದಕ್ಕೆ ಉರಿಯೂತದ ಸಂದೇಶ ಹೊರಡಿಸಿ ಅಕ್ಕಪಕ್ಕದ ಕೋಶಗಳಿಗೂ ಗತಿ ಕಾಣಿಸುತ್ತದೆ. ಕುಡಿಸಿ ಸ್ವಾಮಿ, ಇದಕ್ಕೆ ಇನ್ನೊಂದು ಲೋಟ!

ದೋಷದ ಜೀನು ಬಂದದ್ದೆಲ್ಲಿಂದ? ಆಸ್ತಿ ಹೊರಗೆ ಹೋಗಬಾರದೆಂದು ಸೋದರಮಾವನಿಗೇ ಹುಡುಗಿ ಕೊಟ್ಟ ಮನೆಗಳಲ್ಲಿ ಆಸ್ತಿಯ ಜೊತೆ ಅದೂ ಹೊರಗೆ ಹೋಗದೆ ಉಳಿದಿರಬಹುದು. ಜಾತಕದಲ್ಲಿ ಮೂವತ್ತಾರು ಗುಣ ಕೂಡಿದ್ದವು. ಮೂವತ್ತೇಳನೆಯದನ್ನು ಯಾರೂ ಕೇಳಲಿಲ್ಲ.

ವಯಸ್ಸಾದವರಲ್ಲಿ ಮ್ಯಾಕ್ಯುಲಾ, ಅಂದರೆ ರೆಟಿನಾದ ನಡುಭಾಗ, ಸವೆಯುವ ಕಥೆಯೂ ಇದೇ ಜಾತಿಯದು. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪಡೆಯನ್ನು ಹದ್ದುಬಸ್ತಿನಲ್ಲಿಡುವ ಪ್ರೋಟೀನು ಫ್ಯಾಕ್ಟರ್ ಎಚ್. ಅದರ ಜೀನಿನ ಒಂದು ರೂಪ ಈ ರೋಗದ ಅಪಾಯವನ್ನು ಹೆಚ್ಚಿಸುತ್ತದೆಂದು 2005ರಲ್ಲೇ ಗೊತ್ತಾಯಿತು. 2023ರಲ್ಲಿ ಅಮೆರಿಕ ಒಪ್ಪಿದ ಎರಡು ಔಷಧಗಳು ಮಾಡುವುದು ಈ ಪಡೆಯನ್ನು ತಡೆಯುವ ಕೆಲಸವನ್ನೇ. ಕಣ್ಣಿಗೇ ಸೂಜಿ ಚುಚ್ಚಿ ಕೊಡಬೇಕು. ಸವೆತ ನಿಧಾನವಾಗುತ್ತದೆ, ಹೋದ ದೃಷ್ಟಿ ಬರುವುದಿಲ್ಲ. ಅಲ್ಲಿ ಇಮ್ಯುನಿಟಿ ತಗ್ಗಿಸಲು ಸಾವಿರಾರು ಡಾಲರ್, ಇಲ್ಲಿ ಏರಿಸಲು ಲೋಟಕ್ಕಿಷ್ಟು. ನ್ಯಾಯವಾಗಿ ಹೇಳಬೇಕೆಂದರೆ, ಜ್ಯೂಸು ರೆಟಿನಾದವರೆಗೆ ತಲುಪಿ ಏನಾದರೂ ಕೆಡಿಸುತ್ತದೆ ಎಂಬುದಕ್ಕೂ ಪುರಾವೆಯಿಲ್ಲ. ಅಷ್ಟು ಶಕ್ತಿ ಅದಕ್ಕೆಲ್ಲಿ?

ಕ್ಯಾರೆಟ್ ಭಕ್ತರಿಗೂ ಒಂದು ಮಾತು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೋಟಿನ್ನಿನ ಮಾತ್ರೆ ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸುತ್ತದೆಂದು ಕಂಡಮೇಲೆ, ಮ್ಯಾಕ್ಯುಲಾಕ್ಕೆ ಕೊಡುವ ಮಾತ್ರೆಯಿಂದ ಅದನ್ನು ತೆಗೆದು ಲ್ಯೂಟಿನ್ ಸೇರಿಸಿದರು. ಮ್ಯಾಕ್ಯುಲಾ ಉಳಿಯಬೇಕೆಂದರೆ ಬಿಡಬೇಕಾದದ್ದು ಸಿಗರೇಟು. ಗುಡ್ಡ ಇಳಿದ ಕೂಡಲೇ ಒಂದು ಕೈಯಲ್ಲಿ ಜ್ಯೂಸು, ಇನ್ನೊಂದರಲ್ಲಿ ದಮ್ಮು ಹಿಡಿಯುವ ಆರೋಗ್ಯಪ್ರಿಯರು ಗಮನಿಸಬೇಕು.

ಐವತ್ತು ದಾಟಿದವರು ಇವತ್ತೇ ಒಂದೊಂದು ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಿ. ಸರಳು ಸೊಟ್ಟಗೆ ಕಂಡರೆ ತಪ್ಪು ಮ್ಯಾಕ್ಯುಲಾದ್ದಿರಬಹುದು, ಬಡಗಿಯನ್ನು ಬೈಯಬೇಡಿ, ಜ್ಯೂಸನ್ನೂ ಕುಡಿಯಬೇಡಿ. 1896ರಿಂದ ಕಣ್ಣು ನೋಡುತ್ತಿರುವ ಮಿಂಟೊ ಆಸ್ಪತ್ರೆ ಇಲ್ಲಿಂದ ದೂರವೇನಿಲ್ಲ, ಆಟೋ ಹತ್ತಿ.