ಬೀರು ಮಾರಾಟಕ್ಕಿದೆ, ಬೀಗ ಉಚಿತ

ಚೆನ್ನೈಯ ವೆಸ್ಟ್ ಮಾಂಬಲದ ನಮ್ಮ ಫ್ಲಾಟಿಗೆ ಕಾವಲು ಕಮ್ಮಿಯಿಲ್ಲ. ಹೊರಗೆ ಕಬ್ಬಿಣದ ಗ್ರಿಲ್ಲು, ಅದಕ್ಕೊಂದು ತೆಂಗಿನಕಾಯಿ ಗಾತ್ರದ ಬೀಗ, ಒಳಬಾಗಿಲಿಗೆ ಲ್ಯಾಚು, ಅದರ ಮೇಲೆ ಚಿಲಕ. ಕೆಳಗೆ ವಾಚ್‌ಮನ್, ಅವನ ಮುಂದೆ ರಿಜಿಸ್ಟರು. ಹೆಸರು, ನಂಬರು, ಬಂದ ಉದ್ದೇಶ ಬರೆಯದೆ ನನ್ನ ಸ್ವಂತ ಷಡ್ಡಕನೂ ಲಿಫ್ಟ್ ಹತ್ತುವಂತಿಲ್ಲ. ಇಂಥ ಕೋಟೆಯೊಳಗೆ ಕೂತು ಒಂದು ಭಾನುವಾರ ಹಳೇ ಸಾಮಾನಿನ ಆ್ಯಪ್ ತೆರೆದೆ.

ಮಾರಬೇಕಿದ್ದದ್ದು ಅಮ್ಮನ ಕಾಲದ ಉಕ್ಕಿನ ಬೀರು. ಬಾಗಿಲಿಗೆ ಆಳೆತ್ತರದ ಕನ್ನಡಿ. ಫೋಟೋ ಚೆನ್ನಾಗಿಯೇ ಬಂತು. ಕನ್ನಡಿಯೊಳಗೆ ನಮ್ಮ ಹಾಲ್, ಟೀವಿ, ಕೀಲಿಕೈ ನೇತುಹಾಕುವ ಮೊಳೆ, ಗ್ರಿಲ್ಲೇ ಇಲ್ಲದ ಹಿಂದಿನ ಬಾಲ್ಕನಿ, ಲುಂಗಿ ಎತ್ತಿ ಕಟ್ಟಿದ ನಾನು, ಎಲ್ಲ ಸ್ಪಷ್ಟ. ಕೆಳಗೆ ಬರೆದೆ: ‘ಶುಕ್ರವಾರ ರಾತ್ರಿ ಕಾವೇರಿ ಎಕ್ಸ್‌ಪ್ರೆಸ್‌ಗೆ ಮೈಸೂರಿಗೆ ಹೊರಡುತ್ತೇವೆ, ಹತ್ತು ದಿನ ಇರುವುದಿಲ್ಲ, ಅಷ್ಟರೊಳಗೆ ಒಯ್ಯಿರಿ.’ ಜೊತೆಗೆ ಮನೆಯ ಲೊಕೇಶನ್ನು, ದಾರಿ ತಪ್ಪದಿರಲಿ ಎಂದು.

ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗ ಹತ್ತಿರದ ಠಾಣೆಗೊಂದು ಮಾತು ಹೇಳಿ ಎಂದು ಚೆನ್ನೈ ಪೊಲೀಸರು ಎಷ್ಟೋ ವರ್ಷಗಳಿಂದ ಬೇಡಿಕೊಳ್ಳುತ್ತಿದ್ದಾರೆ. ನಾನು ಈವರೆಗೆ ಹೇಳಿಲ್ಲ. ಮನೆಯ ವಿಷಯ ಪೊಲೀಸರಿಗೆ ಯಾಕೆ ಗೊತ್ತಾಗಬೇಕು? ಈ ಊರಿನಲ್ಲಿ ಮೊದಲಾದರೆ ಕಳ್ಳನೂ ಸ್ವಲ್ಪ ಕಷ್ಟಪಡಬೇಕಿತ್ತು. ಮಾರ್ಗಳಿ ಬೆಳಗಿನಲ್ಲಿ ಬೀದಿ ಬೀದಿ ಸುತ್ತಿ, ಯಾರ ಹೊಸ್ತಿಲಲ್ಲಿ ಕೋಲಂ ರಂಗೋಲಿ ಇಲ್ಲ, ಯಾರ ಬಾಗಿಲಲ್ಲಿ ಆವಿನ್ ಹಾಲಿನ ಪ್ಯಾಕೆಟ್ಟು ಹಾಗೇ ಬಿದ್ದಿದೆ ಎಂದು ನೋಡಬೇಕಿತ್ತು. ಪಾಪ, ಚಳಿಯಲ್ಲಿ. ಈಗ ಹಾಸಿಗೆಯಲ್ಲೇ ಮಲಗಿ ಬೆರಳು ಸರಿಸಿದರೆ ಸಾಕು.

ಈ ಊರಿನ ‘ದಿ ಹಿಂದೂ’ ಪತ್ರಿಕೆ 1958ರ ಜನವರಿಯವರೆಗೆ ಮೊದಲ ಪುಟದಲ್ಲಿ ಸುದ್ದಿಯ ಬದಲು ಜಾಹೀರಾತನ್ನೇ ಅಚ್ಚು ಹಾಕುತ್ತಿತ್ತು. ಪತ್ರಿಕೆಯಲ್ಲಿ ವರ ಬೇಕು, ಬಾಡಿಗೆಗೆ ಮನೆ ಬೇಕು ಎಂದು ಕೇಳುವವರು ವಿಳಾಸ ಮುಚ್ಚಿಟ್ಟು ಬರೀ ಬಾಕ್ಸ್ ನಂಬರ್ ಕೊಡುವ ಪದ್ಧತಿಯೂ ಇತ್ತು. ಕಾಗದ ಪತ್ರಿಕೆಯ ಕಚೇರಿಗೆ ಹೋಗಿ, ಅಲ್ಲಿಂದ ಮನೆಗೆ ಬರಬೇಕು. ಅಜ್ಜಂದಿರು ಮೊಮ್ಮಗಳ ಮದುವೆಯನ್ನೇ ಬಾಕ್ಸ್ ನಂಬರಿನ ಮರೆಯಲ್ಲಿ ಕುದುರಿಸಿದರು. ನಾವು ಬೀರುವಿಗೆ ಅಕ್ಷಾಂಶ ರೇಖಾಂಶ ಕೊಡುತ್ತೇವೆ.

ಹತ್ತು ನಿಮಿಷಕ್ಕೆ ಫೋನು. “ಜೈ ಹಿಂದ್ ಸರ್.” ತಾನು ಸೈನ್ಯದವನಂತೆ, ಪರಂಗಿಮಲೆಯ ತರಬೇತಿ ಅಕಾಡೆಮಿಗೆ ಹೊಸದಾಗಿ ವರ್ಗವಾಗಿದೆಯಂತೆ. ನಾನು ಹೇಳಿದ ಎಂಟು ಸಾವಿರಕ್ಕೆ ಚೌಕಾಸಿಯೇ ಇಲ್ಲದೆ ಒಪ್ಪಿದ. ಪಾಂಡಿ ಬಜಾರಿನಲ್ಲಿ ಹೇರ್‌ಪಿನ್ನಿಗೆ ಅರ್ಧ ಗಂಟೆ ಜಗಳವಾಡುವ ಊರಿನಲ್ಲಿ, ಮುರುಕಲು ಬೀರುವನ್ನು ನೋಡದೆಯೇ ಪೂರ್ತಿ ದುಡ್ಡಿಗೆ ಒಪ್ಪುವವನು ಒಂದೋ ದೇವರು, ಇಲ್ಲವೇ ಕಳ್ಳ. ನಾನು ಆಸ್ತಿಕ.

ಸಮವಸ್ತ್ರದ ಫೋಟೋ, ಕ್ಯಾಂಟೀನ್ ಕಾರ್ಡು, ಆಧಾರ್ ಒಂದರ ಹಿಂದೊಂದು ಬಂದವು. ಬೇರೆ ಯಾವುದೋ ಬಡಪಾಯಿಯದ್ದಿರಬೇಕು. ಸೈನಿಕರನ್ನು ಅನುಮಾನಿಸುವವರ ಬಗ್ಗೆ ವಾಟ್ಸ್ಆ್ಯಪಿನಲ್ಲಿ ನಾನೇ ಫಾರ್ವರ್ಡ್ ಮಾಡಿದ ಸಂದೇಶಗಳಿಗೆ ಲೆಕ್ಕವಿಲ್ಲ; ಈಗ ಕಾರ್ಡನ್ನು ದೊಡ್ಡದು ಮಾಡಿ ನೋಡಲು ನನಗೇ ನಾಚಿಕೆ. “ನಮ್ಮಲ್ಲಿ ಲೆಕ್ಕ ಉಲ್ಟಾ ಸರ್. ನೀವು ಒಂದು ರೂಪಾಯಿ ಹಾಕಿ, ನಿಮಗೆ ಎರಡು ಬರುತ್ತೆ.” ಹಾಕಿದೆ. ಬಂತು!

ದಾವಣಗೆರೆ, ಹರಪನಹಳ್ಳಿ ಕಡೆಯ ನಕಲಿ ಬಂಗಾರದ ಆಟ ಗೊತ್ತಿರುವವರಿಗೆ ಇದು ಹೊಸದಲ್ಲ. ಪಾಯ ತೋಡುವಾಗ ನಿಧಿ ಸಿಕ್ಕಿದೆ ಎಂದು ಮೊದಲು ಕೊಡುವ ಒಂದು ನಾಣ್ಯ ಅಪ್ಪಟ ಚಿನ್ನ. ಅಕ್ಕಸಾಲಿಗನ ಹತ್ತಿರ ಉಜ್ಜಿಸಿ ನೋಡಿ ಎಂದು ಅವರೇ ಹೇಳುತ್ತಾರೆ. ಆಮೇಲಿನ ಗಂಟು ಪೂರ್ತಿ ಹಿತ್ತಾಳೆ. ಉತ್ತರದ ಮೇವಾತದಲ್ಲಿ ಇದೇ ಆಟಕ್ಕೆ ‘ತಟ್ಲು’ ಎಂದು ಹೆಸರಿದೆ. ಅಲ್ಲೀಗ ಹಿತ್ತಾಳೆ ಹೋಗಿ ಮೊಬೈಲು ಬಂದಿದೆ. ನನಗೆ ಬಂದ ಎರಡು ರೂಪಾಯಿಯೇ ಆ ಮೊದಲ ನಾಣ್ಯ.

ನಂತರ ಬಂತು ಎಂಟು ಸಾವಿರದ ಕ್ಯುಆರ್ ಕೋಡ್. “ಸ್ಕ್ಯಾನ್ ಮಾಡಿ, ಪಿನ್ ಒತ್ತಿ, ದುಡ್ಡು ನಿಮ್ಮ ಖಾತೆಗೆ.” ಯುಪಿಐ ಬಂದದ್ದು 2016ರಲ್ಲಿ. ದುಡ್ಡು ಕೊಡುವವನಿಗೆ ಮಾತ್ರ ಪಿನ್ ಬೇಕು, ಪಡೆಯುವವನಿಗೆ ಬೇಡ ಎಂದು ಅಂದಿನಿಂದ ಡಂಗುರ ಸಾರುತ್ತಲೇ ಇದ್ದಾರೆ. ಕೆಳಗಿನ ಹೂವಿನ ಮಾಮಿ ದಿನಕ್ಕೆ ನೂರು ಸಲ ದುಡ್ಡು ಪಡೆಯುತ್ತಾಳೆ, ಒಮ್ಮೆಯೂ ಪಿನ್ ಒತ್ತಿದವಳಲ್ಲ. ಆದರೆ ಮಾಮಿ ಎಂಜಿನಿಯರಿಂಗ್ ಓದಿಲ್ಲ. ನಾನು ಓದಿದ್ದೇನೆ, ಒತ್ತಿದೆ. 2021ರ ಫೆಬ್ರವರಿಯಲ್ಲಿ ದೆಹಲಿಯ ಅಂದಿನ ಮುಖ್ಯಮಂತ್ರಿಯ ಮನೆಯವರೇ ಸೋಫಾ ಮಾರಲು ಹೋಗಿ ಹೀಗೆಯೇ 34,000 ರೂಪಾಯಿ ಕಳೆದುಕೊಂಡಿದ್ದರು ಎಂಬುದೊಂದೇ ಸಮಾಧಾನ. ಅಪರಿಚಿತರು ಫೋನಿಗೆ ‘ದುಡ್ಡು ಕೊಡಿ’ ಎಂದು ಕಳಿಸುತ್ತಿದ್ದ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿದೆ. ಆದರೆ ತಾನೇ ಕೈಯಾರೆ ಸ್ಕ್ಯಾನ್ ಮಾಡಿ ಪಿನ್ ಒತ್ತುವವನನ್ನು ತಡೆಯುವ ಸುತ್ತೋಲೆ ಯಾರು ಹೊರಡಿಸಬೇಕು?

ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದ್ದರೆ ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ಸಾಧ್ಯತೆಯಿತ್ತು. ನಾನು ಎರಡು ಗಂಟೆ ಮಾನ ಮರ್ಯಾದೆಯ ಲೆಕ್ಕ ಹಾಕಿದೆ. ನಡುವೆ ಗೂಗಲಿನಲ್ಲಿ ‘ಕಸ್ಟಮರ್ ಕೇರ್’ ಹುಡುಕಿದೆ. ಅಲ್ಲಿ ಸಿಕ್ಕಿದವನು ಬಹಳ ಸಜ್ಜನ, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದ. ಅಷ್ಟರಲ್ಲಿ ಹೆಂಡತಿ ಫೋನು ಕಿತ್ತುಕೊಂಡು 1930 ಒತ್ತಿದಳು. ನನಗಾಗಿ ಪಿನ್ ಒತ್ತುವುದು ಈಗ ಅವಳೇ.

ಬೀರು ಕಡೆಗೆ ಹೋದದ್ದು ಕಾಯಲಾನ್ ಅಂಗಡಿಗೆ. ಗುಜರಿಯವನು ಮೂರು ಸಲ ಬಂದ, ಬೀರುವನ್ನು ಗುದ್ದಿ ನೋಡಿದ, ಕಾಲು ತುಕ್ಕು ಹಿಡಿದಿದೆ ಎಂದು ಅಮ್ಮನವರೆಗೂ ಹೋಗಿ ಬೈದ, ಕೊನೆಗೆ 900 ರೂಪಾಯಿ ನೋಟುಗಳಲ್ಲೇ ಎಣಿಸಿದ. ಇಷ್ಟು ಅಸಹ್ಯವಾಗಿ ಚೌಕಾಸಿ ಮಾಡುವವನ ಮೇಲೆ ನನಗೆ ಗೌರವವೇ ಬಂದುಬಿಟ್ಟಿತು.

ಟೆಂಪೊ ಹೊರಟುಹೋದ ಮೇಲೆ ಹೆಂಡತಿ ಕೇಳಿದಳು, “ಬೀರುವಿನ ಕಳ್ಳ ಖಾನೆಯಲ್ಲಿದ್ದ ಮನೆಯ ಡೂಪ್ಲಿಕೇಟ್ ಕೀ ತೆಗೆದಿರಾ?”

ಕೆಳಗೆ ಓಡಿದೆ. ವಾಚ್‌ಮನ್ ಹೆಮ್ಮೆಯಿಂದ ರಿಜಿಸ್ಟರ್ ತೆರೆದ. ಹೆಸರು: ಬೀರು. ಬಂದ ಉದ್ದೇಶ: ಬೀರು. ಫೋನ್ ನಂಬರಿನ ಜಾಗದಲ್ಲಿ ನನ್ನ ನಂಬರು.