ಸತ್ತ ಟ್ಯೂಬ್‌ಲೈಟಿನ ಎರಡನೇ ಇನ್ನಿಂಗ್ಸ್

1990ರ ದಶಕದ ಲೋಡ್‌ಶೆಡ್ಡಿಂಗ್ ಕಂಡವರಿಗೆ ನಾನು ಹೇಳುವುದು ಬೇಗ ಅರ್ಥವಾದೀತು. ಆಗ ಕರೆಂಟು ಹೋದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಹೇಳಿದ ಹೊತ್ತಿಗೆ ಬಂದುಬಿಟ್ಟರೆ ಆಗುತ್ತಿದ್ದರು. ಮನೆಗೊಬ್ಬ ಹುಡುಗ ಅಂಥ ಕತ್ತಲೆಯಲ್ಲಿ ಎಂಜಿನಿಯರ್ ಆಗುತ್ತಿದ್ದ. ನಮ್ಮ ಮನೆಗೆ ನಾನು.

ನಾಲ್ಕಡಿ ಟ್ಯೂಬಿನ ಎರಡೂ ತುದಿಯಲ್ಲಿ ಒಂದೊಂದು ಫಿಲಮೆಂಟ್ ಇರುತ್ತದಷ್ಟೆ? ಸ್ಟಾರ್ಟರು ಮೊದಲು ಅವನ್ನು ಕಾಯಿಸುತ್ತದೆ, ಆಮೇಲೆ ಚೋಕು ಜೋರಾಗಿ ಒಂದು ತಳ್ಳು ಕೊಡುತ್ತದೆ, ಟ್ಯೂಬು ಹತ್ತುತ್ತದೆ. ಫಿಲಮೆಂಟ್ ಕಡಿದುಹೋದರೆ ಟ್ಯೂಬಿಗೆ ಅಟ್ಟವೇ ಗತಿ. ಒಳಗಿನ ಪಾದರಸದ ಆವಿ, ಗೋಡೆಗೆ ಬಳಿದ ಬಿಳಿ ಪುಡಿ ಎಲ್ಲ ನೆಟ್ಟಗಿದ್ದರೂ ಸರಿಯೇ. ಹನ್ನೆರಡು ವೋಲ್ಟಿನ ಬ್ಯಾಟರಿಯನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡಿ, ಸಣ್ಣ ಟ್ರಾನ್ಸ್‌ಫಾರ್ಮರಿನಿಂದ ಕೆಲವು ನೂರು ವೋಲ್ಟಿಗೆ ಏರಿಸಿಬಿಟ್ಟರೆ, ಅದೇ ಟ್ಯೂಬು ಫಿಲಮೆಂಟನ್ನು ಒಂದು ಮಾತೂ ಕೇಳದೆ ಹತ್ತಿಕೊಳ್ಳುತ್ತದೆ!

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ 2ಎನ್‌3055 ಟ್ರಾನ್ಸಿಸ್ಟರ್ ತಂದೆ. ಎರಡು ಕಿವಿಯ ಉಕ್ಕಿನ ಟೋಪಿಯಂತಿರುವ ಗಟ್ಟಿ ಆಸಾಮಿ. ಜೊತೆಗೆ ಫೆರೈಟ್ ಕೋರು, ಎನಾಮಲ್ ತಂತಿ. ಪ್ರೈಮರಿಗೆ ದಪ್ಪ ತಂತಿ ಕೆಲವೇ ಸುತ್ತು; ಸೆಕೆಂಡರಿಗೆ ಕೂದಲೆಳೆಯಂಥದ್ದು ನೂರಾರು. ಸುತ್ತು ಎಣಿಸುವಾಗ ಮಾತಾಡಿಸಬೇಡಿ ಎಂದರೆ ಮನೆಯಲ್ಲಿ ಎಲ್ಲರಿಗೂ ಆಗಲೇ ನನ್ನ ಹತ್ತಿರ ಕೆಲಸ. ಅಮ್ಮ 'ಹಾಲು ತಂದೆಯೇನೋ?' ಎಂದಳು, ಲೆಕ್ಕ ಹಾಲಿನ ಜೊತೆ ಹೋಯಿತು.

ಸ್ವಿಚ್ ಹಾಕಿದರೆ ಬೆಳಕಿಲ್ಲ, ಟ್ರಾನ್ಸಿಸ್ಟರ್ ಮಾತ್ರ ಕೈಯಿಡಲಾರದಷ್ಟು ಬಿಸಿ. ಟ್ರಾನ್ಸಿಸ್ಟರನ್ನು ಆನ್-ಆಫ್ ಮಾಡಿಸುವ ಫೀಡ್‌ಬ್ಯಾಕ್ ಸುರುಳಿಯ ತುದಿಗಳು ತಿರುಗುಮುರುಗಾದರೆ ಸರ್ಕ್ಯೂಟು ಆಂದೋಲನಕ್ಕೇ ಇಳಿಯುವುದಿಲ್ಲ. ಬೆಸುಗೆ ಬಿಡಿಸಿ ಅದಲುಬದಲು ಮಾಡಿದೆ. ಕಪ್ಪು ತುದಿಯ ಟ್ಯೂಬು ಝಗ್ಗನೆ ಹತ್ತಿತು. ಅದೇ ಕ್ಷಣಕ್ಕೆ ಅಪ್ಪನ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಅಳಿಸಿ ಬರೀ 'ಗುಂಯ್' ಉಳಿಯಿತು. ಬೆಳಕು ಬೇಕೋ ವಾರ್ತೆ ಬೇಕೋ ಎಂದು ಕೇಳಿದೆ. ಅಪ್ಪ ನನ್ನತ್ತ ನೋಡಿದ ರೀತಿಯಲ್ಲೇ ಉತ್ತರವಿತ್ತು. ರೇಡಿಯೋ ಹಿತ್ತಿಲಿಗೆ ಹೋಯಿತು.

ಹನ್ನೆರಡು ವೋಲ್ಟು ಸಾಧು ಎಂದು ಸೆಕೆಂಡರಿ ಕಡೆಯ ತಂತಿ ಮುಟ್ಟಿದವನಿಗೆ ಮಾತ್ರ ಸಾಧುಗಳ ಬಗ್ಗೆ ಎರಡನೇ ಅಭಿಪ್ರಾಯ ಬರುತ್ತದೆ. ಇದನ್ನು ಪಕ್ಕದ ಮನೆ ರಾಯರಿಗೂ ವಿವರಿಸಿದೆ. ಅವರು ಕೇಳಿಸಿಕೊಂಡದ್ದು ಸತ್ತ ಟ್ಯೂಬು ಬದುಕುತ್ತದೆ ಎಂಬುದಷ್ಟೆ. ಮರುದಿನ ಅವರ ಅಟ್ಟದ ಟ್ಯೂಬುಗಳೆಲ್ಲ ನಮ್ಮ ಜಗಲಿಗೆ ಒರಗಿದ್ದವು. ಒಂದರ ಗಾಜು ಸೀಳಿತ್ತು. ಅದಕ್ಕೆ ಏನೂ ಮಾಡಲಾಗದು ಎಂದೆ.

'ನೀವು ಮನಸ್ಸು ಮಾಡಬೇಕಷ್ಟೆ' ಎಂದು ರಾಯರು ಹೊರಟುಹೋದರು.