ಬೃಹದ್‌ಗ್ರಂಥಗಳ ಓದದಿರುವಿಕೆಯ ತಾತ್ವಿಕ ನೆಲೆಗಳು: ಒಂದು ಅನುಸಂಧಾನ

ಪ್ರಸ್ತಾವನೆ: ದಪ್ಪ ಪುಸ್ತಕವೊಂದನ್ನು ಓದದೆಯೇ ಅದರ ಬಗ್ಗೆ ಮುಕ್ಕಾಲು ಗಂಟೆ ಮಾತನಾಡುವ ಕ್ರಿಯೆಯನ್ನು ವಿದ್ವತ್ ವಲಯವು ‘ಪಠ್ಯದೊಂದಿಗಿನ ಬಹುಸ್ತರೀಯ ಮುಖಾಮುಖಿ’ ಎಂದು ಗುರುತಿಸುತ್ತದೆ. ಈ ಮುಖಾಮುಖಿಗೆ ಪಠ್ಯದ ಹಾಜರಿ ಕಡ್ಡಾಯವಲ್ಲ. ವಸಾಹತೋತ್ತರ ಸಂಕಥನದ ಪರಿಪ್ರೇಕ್ಷ್ಯದಲ್ಲಿ ಓದುಗನ ಹಾಜರಿಯೂ ಐಚ್ಛಿಕವೇ.

ಸಂಶೋಧನ ವಿಧಾನ: ಬೆನ್ನುಡಿ, ಮುನ್ನುಡಿ, ಪರಿವಿಡಿ, ಇದೇ ಕ್ರಮದಲ್ಲಿ. ಕಾಲಾವಕಾಶವಿದ್ದಲ್ಲಿ ಕೊನೆಯ ಪುಟ. ವೇದಿಕೆಯಲ್ಲಿ ಜರಿಕಾಗದ ಬಿಚ್ಚಿ, ಗ್ರಂಥವನ್ನು ಎದೆಮಟ್ಟಕ್ಕೆ ಹಿಡಿದು ಫೋಟೋ ತೆಗೆಸಿಕೊಂಡ ಬಳಿಕ, “ಪುಸ್ತಕ ನಿನ್ನೆ ರಾತ್ರಿಯಷ್ಟೇ ಕೈಸೇರಿತು, ಕಣ್ಣಾಡಿಸಿದ್ದೇನೆ” ಎಂದು ಆರಂಭಿಸತಕ್ಕದ್ದು.

ವರ್ಗೀಕರಣ: ಬೃಹದ್‌ಗ್ರಂಥಗಳು ನಾಲ್ಕು ಬಗೆ.

೧. ಸ್ಮೃತ್ಯಾತ್ಮಕ: ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’, ಎಂಟು ಸಂಪುಟ. ದಿವಾನರಿಗೊಂದು, ಕಲೋಪಾಸಕರಿಗೊಂದು ಹೀಗೆ ನೆನಪುಗಳನ್ನೆಲ್ಲ ಬೇರೆಯವರಿಗೇ ಹಂಚಿರುವುದರಿಂದ, ಆತ್ಮಕಥನದಲ್ಲಿ ತನ್ನನ್ನೇ ಹೊಗಳಿಕೊಳ್ಳುವ ಸಮಕಾಲೀನ ಮಾದರಿಗೆ ಇದು ಒಗ್ಗದು.

೨. ಆಧ್ಯಾತ್ಮಿಕ: ಅವರದೇ ‘ಜೀವನಧರ್ಮಯೋಗ’. 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ವ್ಯಾಖ್ಯಾನ. ನಿವೃತ್ತಿಯಾದ ಮೇಲೆ ಓದೋಣವೆಂದು ಎತ್ತಿಟ್ಟಿರುವಂಥದು. ನಿವೃತ್ತರಾದವರು ಕಣ್ಣಿನ ಆಪರೇಷನ್ ಮುಗಿಯಲಿ ಎನ್ನುತ್ತಾರೆ.

೩. ಚಾರಿತ್ರಿಕ: ತರಾಸು ಅವರ ‘ದುರ್ಗಾಸ್ತಮಾನ’. ಚಿತ್ರದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತೆಂಬುದು ಮೊದಲೇ ಗೊತ್ತಿರುವುದರಿಂದ ಓದುವ ಅಗತ್ಯವಿಲ್ಲವೆಂದು ಒಂದು ಪಂಥ. ಶೀರ್ಷಿಕೆಯಲ್ಲೇ ಎಲ್ಲ ಇದೆಯೆಂದು ಇನ್ನೊಂದು ಪಂಥ.

೪. ಸಾಕು. ನಾಲ್ಕನೆಯದನ್ನು ವರ್ಗಕ್ಕೆ ತುರುಕುವ ತಾಳ್ಮೆ ನನಗಿಲ್ಲ.

ಮೊನ್ನೆ ಒಂದು ವಿಚಾರ ಸಂಕಿರಣದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕುರಿತು ಮಾತು. “ಅಂಚಿನ ಸಮುದಾಯದ ಅನನ್ಯತೆಯ ಬಿಕ್ಕಟ್ಟು” ಎಂದೆಲ್ಲ ಆಯಿತು. ನಾಯಿಗುತ್ತಿ ಎಂಬ ಪಾತ್ರದ ಬಳಿಗೆ ಬಂದಾಗ ಭಾಷಣಕಾರರಿಗೆ ಅವನ ನಾಯಿಯ ಹೆಸರು ಹೊಳೆಯಲಿಲ್ಲ. “ಆ ಪ್ರಾಣಿರೂಪಕ” ಎಂದು ದಾಟಿಬಿಟ್ಟರು. ಸಭೆ ತಲೆದೂಗಿತು.

ಸ್ವಾಮೀ, ರೂಪಕವೆಂಥದು? ಅದು ನಾಯಿ! ಹುಲಿಯ ಅಂತ ಹೆಸರಿಟ್ಟಿದ್ದಾರೆ ಅದಕ್ಕೆ. ಕಾದಂಬರಿಯ ಶುರುವಿನಿಂದಲೇ ಗುತ್ತಿಯ ಜೊತೆ ಕಾಡು ಗುಡ್ಡ ಅಲೆದು, ಕೊನೆಗೆ ತುಂಬಿ ಹರಿವ ತುಂಗೆಯ ಪಾಲಾಗುವ ಜೀವ ಅದು. ಆ ಸಾವು ನಮ್ಮ ಮನೆಯ ಸಾವಿನಂತೆ ಕಾಡಬೇಕಾದರೆ ಅಷ್ಟೂ ಪುಟ ಅದರ ಜೊತೆ ನಾವೂ ನಡೆದಿರಬೇಕು. ಗೈಡಿನ ಸಾರಾಂಶದಲ್ಲಿ ಹುಲಿಯ ಸತ್ತರೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ದಪ್ಪ ಪುಸ್ತಕ ದಪ್ಪಗಿರುವುದು ಇದಕ್ಕೇ. ಗೈಡ್ ಓದಿ ಪಾಸಾಗುವ ಹುಡುಗರನ್ನು ಬೈದು ಏನು ಬಂತು? ವೇದಿಕೆಯ ಮೇಲೆ ಕೂತವರಿಂದಲೇ ಅವರು ಕಲಿತದ್ದು.

ಉಪಸಂಹಾರ: ಮುಂದಿನ ಸಂಕಿರಣಕ್ಕೆ ಕರೆ ಬಂದರೆ, “ಪುಸ್ತಕ ಇನ್ನೂ ಓದಿ ಮುಗಿದಿಲ್ಲ, ಬರಲಾರೆ” ಎಂದು ಹೇಳಿ ಮನೆಯಲ್ಲೇ ಕೂತು ಓದಿ. ಇದಕ್ಕೆ ಟಿಎ, ಡಿಎ ಸಿಗುವುದಿಲ್ಲ.